ಬೆಂಗಳೂರಲ್ಲಿ ಸೈಕಲ್ ಹೊಡೆಯೋಕೆ ಹೆಲ್ಮೆಟ್ ಬೇಕೇ ಬೇಕಾ?

ಬನಶಂಕರಿಯಿಂದ ರಿಚ್ಮಂಡ್ ರಸ್ತೆಯ ಆಫೀಸಿಗೆ ಸೈಕಲ್ಲಲ್ಲಿ ಹೋಗಬೇಕು ಅಂದುಕೊಂಡಿದ್ದೀರಿ. ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯ ಅಲ್ಲ, ನೆದರ್‌ಲ್ಯಾಂಡ್ಸಲ್ಲಿ ಹಾಕುವವರೇ ಕಡಿಮೆ, ಹಾಗಿದ್ದ ಮೇಲೆ ನನಗೆ ಯಾಕೆ ಅಂತ ಕೇಳಿದ್ದೀರಿ.

ಹಾಕಿಕೊಳ್ಳಿ. ಇದೇ ಊರಲ್ಲಿ ವರ್ಷಗಳಿಂದ ಸೈಕಲ್ಲಲ್ಲೇ ಕೆಲಸಕ್ಕೆ ಹೋಗಿಬರುವವನಾಗಿ ಹೇಳ್ತಿದ್ದೀನಿ. ನೀವು ಹೇಳಿದ್ದು ಎರಡೂ ನಿಜ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಮೋಟಾರ್‌ಸೈಕಲ್ ಸವಾರರಿಗೆ, ನಮಗಲ್ಲ. ನೆದರ್‌ಲ್ಯಾಂಡ್ಸಲ್ಲಿ ಜಾಸ್ತಿ ಗಾಡಿ ಓಡಾಡುವ ರಸ್ತೆಗಳಲ್ಲಿ ಸೈಕಲ್‌ಗೆ ಬೇರೆ ದಾರಿಯೇ ಇರುತ್ತದೆ. ನಮ್ಮಲ್ಲಿ 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದರು. ಬೈಕು, ಕಾರು ಒಳಗೆ ನುಗ್ಗಿದವು, ಕಂಬ ಮುರಿದವು, ಆಮೇಲೆ ಮೆಟ್ರೋ ಕೆಲಸ ಬಂತು. ಅದು ಹಾಗೆ ಹೋಗಿದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಹಾಗಾಗಿ ನೀವು ಬಸ್ಸು, ಆಟೋ, ಟಿಪ್ಪರ್ ಜೊತೆಯಲ್ಲೇ ಹೋಗಬೇಕು.

ಈಗ ಮುಖ್ಯ ವಿಷಯ. ಸೈಕಲ್ ಹೆಲ್ಮೆಟ್ ಕಾಪಾಡೋದು ಬಿದ್ದಾಗ. ಗುದ್ದಿಸಿಕೊಂಡಾಗ ಅದನ್ನು ಅಷ್ಟು ನಂಬೋ ಹಾಗಿಲ್ಲ. ಯುರೋಪಿನ ಇಎನ್ 1078 ಮಾನದಂಡದಲ್ಲಿ ತಲೆಯ ಆಕಾರದ ಅಚ್ಚಿಗೆ ಹೆಲ್ಮೆಟ್ ತೊಡಿಸಿ, ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಕಬ್ಬಿಣದ ಮೇಲೆ ಬೀಳಿಸಿ ನೋಡುತ್ತಾರೆ. ಅಪ್ಪಳಿಸುವ ಹೊತ್ತಿಗೆ ವೇಗ ಗಂಟೆಗೆ 20 ಕಿ.ಮೀ. ಹತ್ತಿರ. ಸೀಟಿನಿಂದ ಜಾರಿ ತಲೆ ರಸ್ತೆಗೆ ಬಡಿಯುವ ಪೆಟ್ಟು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ನಮ್ಮೂರಲ್ಲಿ ಹೀಗೆ ಬೀಳೋಕೆ ಕಾರಣಗಳಿಗೇನು ಕಮ್ಮಿ? ಬಣ್ಣ ಬಳಿಯದ ಹಂಪು, ಮೊದಲ ಮಳೆಗೆ ಜಾರುವ ಹೊಂಗೆ ಹೂವು, ನಾವು ಹೋಗುವ ದಿಕ್ಕಿಗೇ ಸರಳು ಹಾಕಿದ ಮೋರಿ ಜಾಲರಿ. ತೆಳು ಟೈರ್ ಆ ಸಂದಿಗೆ ಸಿಕ್ಕಿದರೆ ಮುಂದಿನ ಚಕ್ರ ಅಲ್ಲೇ ನಿಲ್ಲುತ್ತದೆ, ನೀವು ಮುಂದೆ ಹೋಗಿ ಬೀಳುತ್ತೀರಿ.

ಆದರೆ ಬಸ್ಸಿನ ಚಕ್ರದ ಮುಂದೆ ಯಾವ ಹೆಲ್ಮೆಟ್ಟೂ ನಿಲ್ಲಲ್ಲ. ಅಲ್ಲಿ ಕಾಪಾಡೋದು ನೀವು ರಸ್ತೆಯಲ್ಲಿ ಎಲ್ಲಿದ್ದೀರಿ ಅನ್ನೋದು. ಬಿಎಂಟಿಸಿ ಬಸ್ಸು ನಿಮ್ಮನ್ನು ದಾಟಿದ ಕೂಡಲೇ ಮುಂದೆ ಸ್ಟಾಪ್ ಇದೆಯಾ ನೋಡಿ. ಇದ್ದರೆ ಪೆಡಲ್ ನಿಲ್ಲಿಸಿ, ಅದು ಎಡಕ್ಕೆ ಬರುತ್ತೆ. ನಿಂತ ಬಸ್ಸಿನ ಎಡಗಡೆ ಜಾಗ ಎಷ್ಟೇ ಇರಲಿ, ನುಗ್ಗಬೇಡಿ, ಇಳಿಯುವವರು ಅಲ್ಲಿಗೇ ಇಳಿಯುತ್ತಾರೆ. ಸಿಗ್ನಲ್ಲಲ್ಲಿ ಟಿಪ್ಪರ್, ಲಾರಿಯ ಎಡ ಮಗ್ಗುಲಿಗೆ ನಿಲ್ಲಲೇಬೇಡಿ. ಡ್ರೈವರ್‌ಗೆ ನೀವು ಕಾಣೋದೇ ಇಲ್ಲ. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲು ತೆರೆಯುವಷ್ಟು ಜಾಗ ಬಿಡಿ. ಸೈಡ್ ಮಿರರ್‌ನಲ್ಲಿ ಮುಖ ಕಂಡರೆ ಒಳಗೆ ಜನ ಇದ್ದಾರೆ ಅಂತ ಅರ್ಥ. ಜಾಗ ಬಿಡುವಾಗ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೀಲಿ ಬಿಡಿ.

ಹೆಲ್ಮೆಟ್ ಕೊಳ್ಳುವಾಗ ಅಂಗಡಿಯಲ್ಲೇ ಹಾಕಿ ನೋಡಿ. ಹುಬ್ಬಿಂದ ಎರಡು ಬೆರಳು ಮೇಲೆ ಕೂರಬೇಕು. ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ತುಂಬಾ ಜನ ಹಣೆ ಪೂರ್ತಿ ಕಾಣುವ ಹಾಗೆ ಹಿಂದಕ್ಕೆ ಸರಿಸಿ ಹಾಕುತ್ತಾರೆ, ಮುಖ ಅಡಿಯಾಗಿ ಬಿದ್ದರೆ ಅದು ಕೆಲಸಕ್ಕೆ ಬರಲ್ಲ. ಮನೆಯಲ್ಲಿರೋ ಬೈಕ್ ಹೆಲ್ಮೆಟ್ಟೇ ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಭಾರ, ಸೆಕೆ, ಕಿವಿ ಬೇರೆ ಮುಚ್ಚುತ್ತೆ. ಸೈಕಲ್‌ನವರಿಗೆ ಹಿಂದಿನ ಗಾಡಿ ಸದ್ದು ಕೇಳಲೇಬೇಕು. ಇನ್ನೊಂದು: ಒಳಗಿನ ಥರ್ಮಾಕೋಲಿನಂಥ ಪದರ ತಾನು ಜಜ್ಜಿಹೋಗಿ ಪೆಟ್ಟು ತಗೊಳ್ಳುತ್ತೆ, ಮತ್ತೆ ಮೊದಲಿನಂತಾಗಲ್ಲ. ಜೋರಾಗಿ ಒಮ್ಮೆ ಬಿದ್ದರೆ, ಹೊರಗೆ ಚೆನ್ನಾಗಿ ಕಂಡರೂ ಹೊಸದು ತಗೊಳ್ಳಿ.

ಸಂಜೆ ವಾಪಸ್ ಬರೋಕೆ ಹಿಂದೆ ಕೆಂಪು, ಮುಂದೆ ಬಿಳಿ ಲೈಟು ಬೇಕೇ ಬೇಕು. ಶುರು ಮಾಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಇದೇ ದಾರಿಯಲ್ಲಿ ಆಫೀಸಿನವರೆಗೂ ಹೋಗಿಬನ್ನಿ. ಹಂಪು, ಜಾಲರಿ, ಬಸ್ ಸ್ಟಾಪ್ ಎಲ್ಲೆಲ್ಲಿದೆ ನೋಡಿಕೊಳ್ಳಿ. ಜಯನಗರದ ಒಳರಸ್ತೆಗಳಲ್ಲಿ ಎಷ್ಟು ದೂರ ಹೋಗಬಹುದು ಅಂತಲೂ ನೋಡಿ. ಸ್ವಲ್ಪ ಸುತ್ತಾದರೂ ಪರವಾಗಿಲ್ಲ, ನಾನಾದರೆ ಅದೇ ದಾರಿ ಹಿಡೀತೀನಿ.