ವಾಪಸ್ ಬರುವ ವ್ಯಾನ್ ಯಾಕೆ ಯಾವಾಗಲೂ ತಡ?

ಹಿರಿಯರಿಗೆ, ಅಂಗವಿಕಲರಿಗೆ ಅಂತಲೇ ಓಡಿಸುವ ಸಮುದಾಯ ವಾಹನ ಸೇವೆಯ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಈ ಸಲ ಉತ್ತರ.

ಪ್ರಶ್ನೆ: ಅಪ್ಪನಿಗೆ 74 ವರ್ಷ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಮೊದಲೇ ಬುಕ್ ಮಾಡಿದರೆ ಮನೆ ಹತ್ತಿರ ಬರುವ ವ್ಯಾನಿನಲ್ಲಿ ಹೋಗಿಬರುತ್ತಾರೆ. ಹೋಗುವಾಗ ಏನೂ ತೊಂದರೆ ಇಲ್ಲ, ವಾಪಸ್ ಬರುವಾಗಲೇ ಗೋಳು. ವ್ಯಾನ್ ಬಂದಾಗ ಅಪ್ಪ ಇನ್ನೂ ಒಳಗಿರುತ್ತಾರೆ, ಅದು ಬಿಟ್ಟು ಹೊರಟುಹೋಗುತ್ತದೆ. ಮುಂದಿನದಕ್ಕೆ ಒಂದೂವರೆ ಗಂಟೆ ಕಾಯಬೇಕು. ಸುಮ್ನೆ ಟ್ಯಾಕ್ಸಿ ಮಾಡುವುದೇ ವಾಸಿಯಾ?

ಟ್ಯಾಕ್ಸಿಗೆ ಹೋಗುವ ಮುಂಚೆ ಬುಕಿಂಗ್ ಮಾಡುವ ರೀತಿ ಬದಲಿಸಿ ನೋಡಿ. ನಿಮ್ಮ ತಂದೆಯ ಕಷ್ಟದ ಅರ್ಧ ಭಾಗ ಅಲ್ಲೇ ಇದೆ ಅನಿಸುತ್ತದೆ.

ನಾಲ್ಕು ಗಂಟೆ ಡಯಾಲಿಸಿಸ್ ಅಂದರೆ ಮೆಷಿನ್ ಓಡುವ ಹೊತ್ತು ಅಷ್ಟೇ. ಅದು ನಿಂತ ಮೇಲೆ ಸೂಜಿ ತೆಗೆಯಬೇಕು, ಆ ಜಾಗ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು, ಪಟ್ಟಿ ಹಾಕಬೇಕು, ತೂಕ ನೋಡಬೇಕು. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡುತ್ತಾರೆ. ಬಿಪಿ ಇಳಿದಿದ್ದರೆ ಇನ್ನಷ್ಟು ಹೊತ್ತು ಮಲಗಿಸುತ್ತಾರೆ. ಮನೆಯವರು ಮಾತ್ರ ಎಂಟಕ್ಕೆ ನಾಲ್ಕು ಕೂಡಿಸಿ, ಹನ್ನೆರಡಕ್ಕೆ ವ್ಯಾನ್ ಬರಲಿ ಅಂತ ಬರೆಸಿರುತ್ತಾರೆ. ಹನ್ನೆರಡಕ್ಕೆ ಅಪ್ಪನ ತೋಳಿಗೆ ಇನ್ನೂ ಹತ್ತಿ ಒತ್ತುತ್ತಿರುತ್ತಾರೆ! ಮೆಷಿನ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ನರ್ಸ್ ಹತ್ತಿರ ಕೇಳಬೇಡಿ, ಬಾಗಿಲ ಹತ್ತಿರ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿ. ಅವರು ಹನ್ನೆರಡೂವರೆ ಅಂದರೆ ನೀವು ಒಂದು ಗಂಟೆ ಅಂತ ಬರೆಸಿ. ಅರ್ಧ ಗಂಟೆ ಕುರ್ಚಿಯಲ್ಲಿ ಕೂತರೆ ನಷ್ಟವಿಲ್ಲ. ವ್ಯಾನ್ ತಪ್ಪಿದರೆ ನಷ್ಟ ಜಾಸ್ತಿ.

ಡ್ರೈವರ್ ಕಡೆಯಿಂದಲೂ ನೋಡಿ. ಅದೇ ವ್ಯಾನಿಗೆ ಕಾಯುತ್ತಿರುವವರು ಇನ್ನೂ ಮೂರ್ನಾಲ್ಕು ಜನ ಇರುತ್ತಾರೆ. ಹಾಗಾಗಿ ಹೇಳಿದ ಸಮಯಕ್ಕೆ ಬಂದ ಮೇಲೆ ಐದು ನಿಮಿಷ ಕಾದು ಹೊರಡಿ ಅನ್ನುವ ನಿಯಮ ಎಷ್ಟೋ ಕಡೆ ಇದೆ. ಹೇಳಿದ ಸಮಯ ಅಂದರೂ ಗಡಿಯಾರದ ಒಂದು ಮುಳ್ಳಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯ ಅವಧಿ. ನಿಮ್ಮ ಸೇವೆಯಲ್ಲಿ ಆ ಅವಧಿ ಎಷ್ಟು, ಡ್ರೈವರ್ ಎಷ್ಟು ನಿಮಿಷ ಕಾಯುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಮುಗಿದ ಮೇಲೆ ಫೋನ್ ಮಾಡಿ, ಕಳಿಸುತ್ತೇವೆ ಅನ್ನುವ ವ್ಯವಸ್ಥೆಯೂ ಕೆಲವು ಕಡೆ ಇದೆ. ಕೇಳಲು ಚೆನ್ನಾಗಿದೆ. ಆದರೆ ಆ ಹೊತ್ತಿಗೆ ಯಾವ ವ್ಯಾನಿನಲ್ಲಿ ಜಾಗ ಇದೆಯೋ ಅದಕ್ಕೆ ನಿಮ್ಮನ್ನು ಸೇರಿಸುತ್ತಾರೆ, ಕಾಯುವುದು ತಪ್ಪುವುದಿಲ್ಲ. ವೈದ್ಯರನ್ನು ನೋಡಲು ಹೋದಾಗ, ಎಷ್ಟು ಹೊತ್ತಾಗುತ್ತದೋ ಹೇಳಲಾಗದ ದಿನ, ಅದು ಸರಿ. ಡಯಾಲಿಸಿಸ್‌ನಂಥ ಪ್ರತಿವಾರದ ಕೆಲಸಕ್ಕೆ ಸಮಯ ಗೊತ್ತುಮಾಡಿದ ಕಾಯಂ ಬುಕಿಂಗೇ ಮೇಲು. ವಾರವಾರ ಫೋನ್ ಹಿಡಿದು ಕೂರುವುದೂ ತಪ್ಪುತ್ತದೆ.

ಇನ್ನೊಂದು ವಿಷಯ. ಅಪ್ಪ ಹೊರಗೆ ಬಾರದ ದಿನ ಅವರ ಹೆಸರಿನ ಮುಂದೆ 'ಬರಲಿಲ್ಲ' ಅಂತ ದಾಖಲಾಗಿರಬಹುದು. ಅಂಥವು ಜಾಸ್ತಿಯಾದರೆ ಕೆಲವು ದಿನ ಸೇವೆ ನಿಲ್ಲಿಸುವುದೂ ಉಂಟು. ಬಿಪಿ ಇಳಿದು ತಡವಾದರೆ ಅದು ಅವರ ತಪ್ಪಲ್ಲ ಅಲ್ವಾ? ಅಮೆರಿಕದಲ್ಲಂತೂ ಪ್ರಯಾಣಿಕರ ಕೈಮೀರಿದ ಕಾರಣಕ್ಕೆ ತಪ್ಪಿದ ಟ್ರಿಪ್ಪನ್ನು ಅವರ ಲೆಕ್ಕಕ್ಕೆ ಹಾಕುವಂತಿಲ್ಲ ಅಂತ ನಿಯಮವೇ ಇದೆ. ನಿಮ್ಮಲ್ಲಿ ಏನಿದೆ ಕೇಳಿ. ತಡವಾಗುವುದು ಗೊತ್ತಾದ ಕೂಡಲೇ ಡಯಾಲಿಸಿಸ್ ಕೇಂದ್ರದಿಂದಲೇ ಒಂದು ಫೋನ್ ಹೋಗುವಂತೆ ಮಾಡಿ.

ಕೊನೆಗೆ, ಇಳಿಸುವುದು ಎಲ್ಲಿ ಅಂತಲೂ ಕೇಳಿ. ರಸ್ತೆಬದಿಯವರೆಗೆ, ಬಾಗಿಲವರೆಗೆ, ಬಾಗಿಲು ದಾಟಿ ಒಳಗಿನ ಕುರ್ಚಿಯವರೆಗೆ: ಈ ಮೂರೂ ಬೇರೆಬೇರೆ ಸೇವೆ. ಬೆಳಿಗ್ಗೆ ತಾವೇ ಮೆಟ್ಟಿಲಿಳಿದು ಬಂದವರಿಗೆ ಡಯಾಲಿಸಿಸ್ ಮುಗಿಸಿ ಬಂದಾಗ ಅದೇ ಮೆಟ್ಟಿಲು ಹತ್ತುವಾಗ ತಲೆ ಸುತ್ತಬಹುದು. ಅರ್ಜಿ ತುಂಬುವಾಗ ಬೆಳಗಿನ ಅಪ್ಪನನ್ನು ನೆನಪಿಟ್ಟುಕೊಂಡು ಬರೆಯಬೇಡಿ, ಮಧ್ಯಾಹ್ನದ ಅಪ್ಪನನ್ನು ನೋಡಿ ಬರೆಯಿರಿ.

ಪ್ರಶ್ನೆ: ಅತ್ತೆ ಬ್ಯಾಟರಿ ಮೊಬಿಲಿಟಿ ಸ್ಕೂಟರ್ (ನಡೆಯಲು ಕಷ್ಟವಿರುವವರು ಕೂತು ಓಡಾಡುವ ಸಣ್ಣ ಗಾಡಿ) ಬಳಸುತ್ತಾರೆ. ವ್ಯಾನಿನ ಡ್ರೈವರ್ ಅವರನ್ನು ಸ್ಕೂಟರಿನಿಂದ ಇಳಿಸಿ ಸೀಟಿನಲ್ಲಿ ಕೂರಲು ಹೇಳುತ್ತಾರೆ. ಪಕ್ಕದ ವೀಲ್‌ಚೇರ್‌ನವರಿಗೆ ಹಾಗೆ ಹೇಳುವುದಿಲ್ಲ. ಇದು ಭೇದಭಾವ ಅಲ್ಲವೇ?

ಅಲ್ಲ. ಡ್ರೈವರ್ ಹೇಳಿದ್ದು ಅತ್ತೆಯ ಒಳ್ಳೆಯದಕ್ಕೇ. ಸ್ಕೂಟರಿನ ಸೀಟು ಎತ್ತರದಲ್ಲಿ, ಒಂದೇ ಕಂಬದ ಮೇಲೆ ನಿಂತಿರುತ್ತದೆ. ಬಿಗಿಯಾಗಿ ಕಟ್ಟಲು ಗಟ್ಟಿ ಜಾಗಗಳೂ ಅದರಲ್ಲಿ ಕಡಿಮೆ. ಜೋರಾಗಿ ಬ್ರೇಕ್ ಹಾಕಿದರೆ ವಾಲುತ್ತದೆ. ಸೀಟಿಗೆ ಬದಲಾಗಿ ಕೂರಲು ಆಗುವವರು ಹಾಗೆ ಮಾಡುವುದೇ ಕ್ಷೇಮ. ಅದು ಆಗದ ಮಾತಾದರೆ ಪ್ರಯಾಣಕ್ಕೆ ಮಾತ್ರ ವೀಲ್‌ಚೇರ್ ಬಳಸಬಹುದೇ ಅಂತ ವಿಚಾರಿಸಿ.

ವೀಲ್‌ಚೇರ್‌ನಲ್ಲೇ ಕೂತು ಹೋಗುವವರಿಗೂ ಒಂದು ಮಾತು. ಕುರ್ಚಿಯನ್ನು ವ್ಯಾನಿನ ನೆಲಕ್ಕೆ ಬಿಗಿಯಲು ನಾಲ್ಕು ಪಟ್ಟಿ ಬೇಕು, ಮುಂದೆ ಎರಡು, ಹಿಂದೆ ಎರಡು. ಹುಕ್ ಕುರ್ಚಿಯ ಗಟ್ಟಿ ಚೌಕಟ್ಟಿಗೆ ಬೀಳಬೇಕು. ಚಕ್ರಕ್ಕೋ, ಕಳಚಿ ತೆಗೆಯುವ ಕಾಲ್ಮಣೆಗೋ ಸಿಕ್ಕಿಸಿದರೆ ಕಟ್ಟಿಯೂ ಕಟ್ಟದ ಹಾಗೆ. ಸಾಗಾಣಿಕೆಗೆ ಪರೀಕ್ಷೆಯಾದ ಕುರ್ಚಿಗಳಲ್ಲಿ ಹುಕ್ ಹಾಕುವ ನಾಲ್ಕು ಜಾಗಕ್ಕೂ ಗುರುತು ಇರುತ್ತದೆ. ಇದಕ್ಕೆ ಐಎಸ್‌ಒ 7176-19 ಅನ್ನುವ ಅಂತರರಾಷ್ಟ್ರೀಯ ಮಾನದಂಡವಿದೆ. ಹೊಸ ಕುರ್ಚಿ ಕೊಳ್ಳುವವರು ಅದನ್ನು ಕೇಳಿಯೇ ಕೊಳ್ಳಿ.

ನಾನು ಜಾಸ್ತಿ ನೋಡುವ ತಪ್ಪು ಮಾತ್ರ ಬೇರೆ. ಕುರ್ಚಿಯನ್ನು ಚೆನ್ನಾಗಿ ಕಟ್ಟಿ, ಕೂತವರನ್ನು ಹಾಗೇ ಬಿಡುತ್ತಾರೆ. ಕೂತವರಿಗೆ ಸೊಂಟ ಮತ್ತು ಭುಜದ ಬೆಲ್ಟ್ ಬೇರೆಯಾಗಿಯೇ ಬೇಕು. ಸೊಂಟದ ಬೆಲ್ಟ್ ಕುರ್ಚಿಯ ತೋಳುಗಳ ಮೇಲಿಂದ ಹಾಯಬಾರದು. ಕೆಳಗಿಂದ ಬಂದು, ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಕುರ್ಚಿಗೇ ಹೊಲಿದಿರುವ ಬೆಲ್ಟ್ ನೇರವಾಗಿ ಕೂರಿಸಲು ಇರುವಂಥದ್ದು, ವ್ಯಾನ್ ಗುದ್ದಿದಾಗ ಕಾಯುವುದಕ್ಕಲ್ಲ.

ಪ್ರಶ್ನೆ: ಅಮ್ಮ ಚೆನ್ನಾಗಿ ನಡೆಯುತ್ತಾರೆ. ಆದರೆ ಮರೆವಿನ ಕಾಯಿಲೆ ಇದೆ. ಅಂಗವೈಕಲ್ಯ ಕಾಣುವುದಿಲ್ಲ ಅಂತ ಸೇವೆ ಕೊಡದೆ ಇರಬಹುದೇ?

ಕಣ್ಣಿಗೆ ಕಾಣಬೇಕಾಗಿಲ್ಲ. ಮಾಮೂಲಿ ಬಸ್ಸಿನಲ್ಲಿ ಒಬ್ಬರೇ ಹೋಗಿಬರಲು ಆಗುತ್ತದೆಯೇ ಅನ್ನುವುದೇ ಪ್ರಶ್ನೆಯಾಗಬೇಕು. ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಅರ್ಹತೆಯನ್ನು ಅಳೆಯುವುದೂ ಹೀಗೆಯೇ. ಡಾಕ್ಟರ್ ಪತ್ರದಲ್ಲಿ ಬರೀ ಕಾಯಿಲೆಯ ಹೆಸರಿದ್ದರೆ ಅರ್ಜಿ ನೋಡುವವರಿಗೆ ಏನೂ ತಿಳಿಯುವುದಿಲ್ಲ. 'ಇಳಿಯುವ ಜಾಗ ಗುರುತಿಸಲಾರರು, ಬಸ್ ಬೇರೆ ದಾರಿ ಹಿಡಿದರೆ ಗಾಬರಿಯಾಗುತ್ತಾರೆ, ರಸ್ತೆ ದಾಟುವಾಗ ವಾಹನ ಗಮನಿಸುವುದಿಲ್ಲ' ಅಂತ ಬರೆಸಿ.

ಬುಕ್ ಮಾಡುವಾಗ ಅಮ್ಮನನ್ನು ಒಬ್ಬರ ಕೈಗೆ ಒಪ್ಪಿಸದೆ ಬಿಡಬಾರದು ಅಂತ ದಾಖಲೆ ಮಾಡಿಸಿ. ಇದು ಎಲ್ಲ ಕಡೆ ಇರುವುದಿಲ್ಲ. ಇಲ್ಲ ಅಂದರೆ ಜೊತೆಗೆ ಒಬ್ಬರು ಹೋಗಲೇಬೇಕು. ನೋಡಿಕೊಳ್ಳುವವರಿಗೆ ಟಿಕೆಟ್ ಬೇಡ ಅನ್ನುವ ಕಡೆಗಳೂ ಇವೆ, ವಿಚಾರಿಸಿ.

ಪ್ರಶ್ನೆ: ನಮ್ಮ ಸಂಘದವರು ಸ್ವಂತ ಕಾರುಗಳಲ್ಲೇ ಹಿರಿಯರನ್ನು ಆಸ್ಪತ್ರೆಗೆ ಬಿಡುವ ಸೇವೆ ಶುರು ಮಾಡಬೇಕೆಂದಿದ್ದೇವೆ. ಮೊದಲು ಏನು ಮಾಡಬೇಕು?

ಮೊದಲು ಇನ್ಶೂರೆನ್ಸ್ ಕಂಪನಿಗೆ ಬರೆದು ಕೇಳಿ. ಪೆಟ್ರೋಲ್ ಖರ್ಚಷ್ಟೇ ತೆಗೆದುಕೊಂಡರೂ ಅದನ್ನು ಬಾಡಿಗೆ ಓಡಾಟ ಅಂತ ಎಣಿಸುತ್ತಾರಾ, ಉತ್ತರ ಬರಹದಲ್ಲಿ ಬರಲಿ. ಎರಡನೆಯದು, ಕಾರು ಓಡಿಸಲು ಬರುವವರಿಗೆಲ್ಲ ಹಿರಿಯರನ್ನು ಸೀಟಿನಿಂದ ಎಬ್ಬಿಸಲು ಬರುವುದಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಅವರ ಭುಜಕ್ಕೂ ನಿಮ್ಮ ಬೆನ್ನಿಗೂ ಪೆಟ್ಟು. ಒಬ್ಬ ಫಿಸಿಯೋಥೆರಪಿಸ್ಟ್ ಕರೆಸಿ ಅರ್ಧ ದಿನ ಕಲಿಯಿರಿ. ಸಣ್ಣದಾಗಿ ಶುರು ಮಾಡಿ: ವಾರದಲ್ಲಿ ಒಂದು ದಿನ, ಒಂದೇ ಆಸ್ಪತ್ರೆ. ಬಿಡಲು ಬೇಕಾದಷ್ಟು ಜನ ಸಿಗುತ್ತಾರೆ, ಕರೆತರಲು ಸಿಗುವುದಿಲ್ಲ. ಹಾಗಾಗಿ ವಾಪಸ್ ಕರೆತರುವವರ ಹೆಸರು ಬರೆದುಕೊಂಡ ಮೇಲೆಯೇ ಬಿಡುವವರನ್ನು ಹುಡುಕಿ.