ಹಳೇ ಕಂಪ್ಯೂಟರ್‌ಗೆ 8 ಜಿಬಿ ರ‍್ಯಾಮ್ ಹಾಕಿಸಲಾ? ತಡೀರಿ, ಮೊದಲು ಕಾಳು ಎಣಿಸಿ

2010ರಲ್ಲಿ ಜೋಡಿಸಿದ ಕಂಪ್ಯೂಟರ್, ಜಿ41 ಮದರ್‌ಬೋರ್ಡು, 2 ಜಿಬಿ ರ‍್ಯಾಮ್, ವಿಂಡೋಸ್ 7. 4 ಜಿಬಿಯ ಡಿಡಿಆರ್3 (ಆ ತಲೆಮಾರಿನ ರ‍್ಯಾಮ್) ಸ್ಟಿಕ್ ಎರಡು ಹಾಕಿ 8 ಮಾಡ್ಬೇಕು, ವೇಗ 1333ರದ್ದು ತಗೊಳ್ಳಲಾ 1600ರದ್ದು ತಗೊಳ್ಳಲಾ, ಯಾವ ಕಂಪನಿ ಒಳ್ಳೇದು ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಇದೇ ಬೋರ್ಡು, ಇದೇ ಎರಡು ಸ್ಟಿಕ್, ಇದೇ 1333-1600ರ ಚಿಂತೆ ನನಗೂ ಇತ್ತು. ಇನ್ನೂ ದುಡ್ಡು ಕೊಟ್ಟಿಲ್ಲ ತಾನೆ? ಹಾಗಾದರೆ ಪೂರ್ತಿ ಓದಿ.

ನಮ್ಮದು ಕಲಬುರಗಿ. ಅಪ್ಪ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಎರಡು ಮೂರು ಅಂಗಡಿಗಳ ಲೆಕ್ಕ ಬರೆಯುತ್ತಿದ್ದರು. ತಂಗಿಯ ಕಾಲೇಜಿಗೆ ಅಂತ 2010ರಲ್ಲಿ ಇಲ್ಲಿನ ಸೂಪರ್ ಮಾರ್ಕೆಟ್ ಅನ್ನೋ ಪೇಟೆಯಲ್ಲಿ ಒಂದು ಕಂಪ್ಯೂಟರ್ ಜೋಡಿಸಿಕೊಂಡು ಬಂದಿದ್ದೆವು. ಪೆಂಟಿಯಂ ಡ್ಯುಯಲ್ ಕೋರ್, ಜಿ41 ಬೋರ್ಡು, 1 ಜಿಬಿಯ ಎರಡು ಸ್ಟಿಕ್. ತಂಗಿ ಓದು ಮುಗಿಸಿ ಹೋದಳು, ಕಂಪ್ಯೂಟರ್ ಅಪ್ಪನ ಪಾಲಿಗೆ ಬಂತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಒಂದೇ ನಡೆಸುವಾಗ ಏನೂ ತಕರಾರು ಇರಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು ನೋಡಿ, ಕಷ್ಟ ಶುರುವಾಯಿತು. ಈ ಕಡೆ ಟ್ಯಾಲಿ, ಆ ಕಡೆ ಬ್ರೌಸರ್‌ನಲ್ಲಿ ಪೋರ್ಟಲ್, ನಡುವೆ ಎಕ್ಸೆಲ್. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹಾರ್ಡ್ ಡಿಸ್ಕ್ ಗರಗರ ಅನ್ನೋದು, ಪರದೆ ಬೆಳ್ಳಗಾಗೋದು. ಅವ್ವ ಒಳಗಿಂದ "ಗಿರಣಿ ಚಾಲೂ ಆತು" ಅನ್ನುತ್ತಿದ್ದಳು.

ರ‍್ಯಾಮ್ ಹಾಕಿಸಿದರೆ ಮುಗೀತು ಅಂತ ನಾನೇ ತೀರ್ಮಾನ ಮಾಡಿದೆ. ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಒಂದು ಮದುವೆ ಇತ್ತು. ನಮ್ಮ ಕಡೆಯವರಿಗೆ ಗೊತ್ತು, ಕಂಪ್ಯೂಟರ್ ಸಾಮಾನು ಅಂದರೆ ಬೆಂಗಳೂರಿಗಿಂತ ಸಿಕಂದರಾಬಾದ್ ಹತ್ತಿರ. ಬೆಳಿಗ್ಗೆ ರೈಲು ಹತ್ತಿದರೆ ವಾಡಿ, ತಾಂಡೂರು ದಾಟಿ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಮದುವೆ ಊಟ ಮುಗಿಸಿ ಸಿಕಂದರಾಬಾದಿನ ಪಾರ್ಕ್‌ಲೇನ್ ಕಡೆ, ಕಂಪ್ಯೂಟರ್ ಅಂಗಡಿಗಳ ಪೇಟೆಗೆ ಹೋದೆ. ಅಂಗಡಿಯಲ್ಲಿ ನಾನು ಹೇಳಿದ್ದು ಇಷ್ಟೇ: "ಡೆಸ್ಕ್‌ಟಾಪ್ ಡಿಡಿಆರ್3, 4 ಜಿಬಿ, ಎರಡು ಕೊಡಿ." ಅವನು 1600ರದ್ದು ಕೊಟ್ಟ. ಹೊಸ ಪ್ಯಾಕು, ಹೊಳೆಯುವ ಸ್ಟಿಕ್ಕರ್. ಆ ವರ್ಷ ರ‍್ಯಾಮ್ ರೇಟು ಏರಿ ಕೂತಿತ್ತು. ಎರಡಕ್ಕೂ ಸೇರಿ ಸುಮಾರು 5,000 ರೂಪಾಯಿ ಎಣಿಸಿ ಕೊಟ್ಟೆ. ಚೌಕಾಸಿ ಮಾಡಿ 200 ಇಳಿಸಿದೆ ಅಂತ ಜಂಬ ಬೇರೆ.

ಮನೆಗೆ ಬಂದು ಹಾಕಿದೆ. ಸ್ಕ್ರೀನ್ ಕಪ್ಪು. ಬೀಪ್ ಬೀಪ್ ಬೀಪ್. ತೆಗೆದು ಮತ್ತೆ ಹಾಕಿದೆ. ಬೀಪ್. ಒಂದೇ ಸ್ಟಿಕ್ ಹಾಕಿದೆ, ಸ್ಲಾಟ್ ಬದಲಾಯಿಸಿದೆ, ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜಿದೆ, ಬೋರ್ಡಿನ ಪುಟ್ಟ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಅದೇ ಬೀಪ್. ಹಳೆಯ 1 ಜಿಬಿ ಸ್ಟಿಕ್‌ಗಳನ್ನು ಹಾಕಿದರೆ ಗಿರಣಿ ಮೊದಲಿನಂತೆ ಚಾಲೂ. ಅಂದಮೇಲೆ ಹೊಸ ಮಾಲೇ ಕೆಟ್ಟದ್ದು ಅಂದುಕೊಂಡೆ. ಮೋಸ ಹೋದೆ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ.

ಮುಂದಿನ ವಾರ ಒಂದು ದಿನ ರಜೆ ಹಾಕಿ ಮತ್ತೆ ಸಿಕಂದರಾಬಾದಿಗೆ ಹೋದೆ, ಇದೊಂದೇ ಕೆಲಸಕ್ಕೆ. ಜಗಳಕ್ಕೆ ಬೇಕಾದ ಮಾತೆಲ್ಲ ರೈಲಿನಲ್ಲೇ ತಯಾರಾಗಿತ್ತು. ಅಂಗಡಿಯವನು ಏನೂ ಮಾತಾಡಲಿಲ್ಲ. ಎರಡೂ ಸ್ಟಿಕ್ ತಗೊಂಡು ಅವನ ಟೇಬಲ್ ಮೇಲಿದ್ದ ಬೋರ್ಡಿಗೆ ಚುಚ್ಚಿದ. ಪರದೆ ಮೇಲೆ 8192 ಎಂಬಿ, ಅಂದರೆ 8 ಜಿಬಿ, ಅಂತ ಬಂತು. "ಮಾಲ್ ತೋ ಬರಾಬರ್ ಹೈ ಭಾಯ್" ಅಂದ. ತಯಾರಿ ಮಾಡಿದ್ದ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ಬಿಲ್ಲಿನ ಕೆಳಗೆ ಮಾರಿದ ಮಾಲು ವಾಪಸ್ ಇಲ್ಲ ಅಂತ ಮೊದಲೇ ಅಚ್ಚಾಗಿತ್ತು. ಅವನ ತಪ್ಪೂ ಇರಲಿಲ್ಲ ಬಿಡಿ.

ಈ ನಡುವೆ ಅಪ್ಪ ಮೊದಲನೇ ರಿಟರ್ನ್ ತುಂಬಲು ಸೈಬರ್ ಕೆಫೆಗೆ ಹೋಗಿ, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಕೂತಿದ್ದರು. ಅದನ್ನು ಇವತ್ತಿಗೂ ನೆನಪಿಸುತ್ತಾರೆ.

ಕೊನೆಗೆ ಗುಟ್ಟು ಬಿಚ್ಚಿಟ್ಟವರು ನಮ್ಮೂರಿನ ಒಬ್ಬ ರಿಪೇರಿ ಕಾಕಾ. ಚಿಕ್ಕ ಅಂಗಡಿ, ನೆಲದ ತುಂಬ ಹಳೇ ಕ್ಯಾಬಿನೆಟ್ಟು. ನನ್ನ ಸ್ಟಿಕ್ ತಗೊಂಡು ಕಂಪ್ಯೂಟರಿಗೆ ಹಾಕಲೂ ಇಲ್ಲ. ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ಒಂದೊಂದೇ ಮುಟ್ಟುತ್ತ ಎಣಿಸಿದರು. "ಇದು ನಡೆಯಂಗಿಲ್ಲ ತಮ್ಮಾ. ಎಂಟೇ ಐಸಿ ಅವ ನೋಡು. ನಿನ್ನ ಬೋರ್ಡಿಗೆ ಹದಿನಾರು ಇದ್ದದ್ದು ಬೇಕು."

ಇದನ್ನು ಬಿಡಿಸಿ ಹೇಳ್ತೀನಿ. ಜಾಸ್ತಿ ಆಯ್ತು ಅನ್ನಿಸಿದರೂ ಓದಿ. ನನ್ನ 5,000 ಹೋಗಿದ್ದು ಇಲ್ಲೇ.

ರ‍್ಯಾಮ್ ಸ್ಟಿಕ್ ಮೇಲಿನ ಕಪ್ಪು ಚೌಕಗಳೇ ಚಿಪ್‌ಗಳು, ಕಾಕಾ ಐಸಿ ಅಂದದ್ದು ಇವಕ್ಕೇ. ಒಂದೊಂದು ಚಿಪ್ ಎಷ್ಟು ಹಿಡಿಯುತ್ತದೆ ಅನ್ನೋದನ್ನು ಗಿಗಾಬಿಟ್‌ನಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 4 ಗಿಗಾಬೈಟ್ ಅಂದರೆ 32 ಗಿಗಾಬಿಟ್. ಈ 32ನ್ನು ಎರಡು ರೀತಿಯಲ್ಲಿ ತುಂಬಿಸಬಹುದು. 2 ಗಿಗಾಬಿಟ್‌ನ 16 ಚಿಪ್, ಒಂದು ಬದಿಗೆ ಎಂಟು, ಇನ್ನೊಂದು ಬದಿಗೆ ಎಂಟು. ಇಲ್ಲವೇ 4 ಗಿಗಾಬಿಟ್‌ನ 8 ಚಿಪ್, ಒಂದೇ ಬದಿಗೆ, ಹಿಂದೆ ಬೋಳು. ಎರಡರ ಮೇಲೂ ಸ್ಟಿಕ್ಕರ್ ಒಂದೇ: 4 ಜಿಬಿ, ಡಿಡಿಆರ್3. ಎರಡಕ್ಕೂ 240 ಪಿನ್. ಕಚ್ಚು ಇರುವ ಜಾಗವೂ ಒಂದೇ, ಸ್ಲಾಟಿನಲ್ಲಿ ಎರಡೂ ಆರಾಮಾಗಿ ಕೂರುತ್ತವೆ. ಮೊದಲು ಬರುತ್ತಿದ್ದವು ಹದಿನಾರರವು. ಚಿಪ್ ತಯಾರಿಕೆ ಮುಂದುವರಿದ ಹಾಗೆ ಎಂಟರವು ಬಂದವು. ಅಂಗಡಿಯಲ್ಲಿ ಈಗ ಹೊಸದು ಕೇಳಿದರೆ ಸಾಮಾನ್ಯವಾಗಿ ಎಂಟರದ್ದೇ ಕೈಗೆ ಬರುತ್ತದೆ.

ಜಿ41 ಅನ್ನೋದು ಬೋರ್ಡಿನ ಚಿಪ್‌ಸೆಟ್, ಅಂದರೆ ಬೋರ್ಡಿನ ಕೆಲಸ ನೋಡಿಕೊಳ್ಳುವ ಮುಖ್ಯ ಚಿಪ್, 2008ರದ್ದು. ಈ ಬೋರ್ಡುಗಳಲ್ಲಿ ರ‍್ಯಾಮ್ ನೋಡಿಕೊಳ್ಳುವ ಕಂಟ್ರೋಲರ್ ಪ್ರೊಸೆಸರ್ ಒಳಗಿಲ್ಲ, ಬೋರ್ಡಿನ ಮೇಲೆ ಆ ಚಿಪ್‌ಸೆಟ್‌ನಲ್ಲೇ ಇದೆ. ಅದಕ್ಕೆ 2 ಗಿಗಾಬಿಟ್ ಚಿಪ್‌ವರೆಗೆ ಮಾತ್ರ ಲೆಕ್ಕ ಬರುತ್ತದೆ. ಯಾಕೆ ಅಂದರೆ, ಚಿಪ್ ಒಳಗೆ ಮಾಹಿತಿ ಸಾಲು ಸಾಲಾಗಿ ಇರುತ್ತದೆ. ಯಾವ ಸಾಲು ಬೇಕು ಅಂತ ಕರೆಯೋಕೆ ವಿಳಾಸದ ತಂತಿಗಳಿವೆ. ಇಂಥ ಸ್ಟಿಕ್‌ಗಳಲ್ಲಿ 2 ಗಿಗಾಬಿಟ್ ಚಿಪ್‌ಗೆ 15 ತಂತಿ ಸಾಕು, 4 ಗಿಗಾಬಿಟ್‌ಗೆ 16 ಬೇಕು. ಒಂದು ತಂತಿ ಹೆಚ್ಚಾದರೆ ಸಾಲುಗಳು ಎರಡು ಪಟ್ಟು. ಮನೆ ನಂಬರ್ ಬರೆಯಲು ಎರಡೇ ಅಂಕೆಗೆ ಜಾಗ ಇರುವ ಫಾರಂನಲ್ಲಿ 150ನೇ ಮನೆಯವರು ಏನು ಬರೀಬೇಕು? ಅದೇ ಪಾಡು. ಕೆಲವು ಬೋರ್ಡು ಅರ್ಧ ಮಾತ್ರ ತೋರಿಸುತ್ತವೆ, ನನ್ನದರಂಥವು ಬಾಯೇ ಬಿಡುವುದಿಲ್ಲ. ಬಯಾಸ್ (ಬೋರ್ಡಿನೊಳಗೇ ಇರುವ, ಕಂಪ್ಯೂಟರ್ ಚಾಲೂ ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೂ ಇದು ಸರಿಹೋಗಲ್ಲ, ಇಲ್ಲದ ತಂತಿ ಎಲ್ಲಿಂದ ಬರಬೇಕು? ಸಿಕಂದರಾಬಾದಿನವನ ಟೇಬಲ್ ಮೇಲಿದ್ದದ್ದು ಹೊಸ ತಲೆಮಾರಿನ ಬೋರ್ಡು. ಅದಕ್ಕೆ ಅಲ್ಲಿ ನಡೆಯಿತು.

ಮನೆಗೆ ಬಂದು ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿ ಅಂದರು: "ಗಂಜಿನಾಗ ತೊಗರಿ ತಗೊಳ್ಳೋ ಸಣ್ಣ ಹುಡುಗನೂ ಚೀಲದಾಗ ಕೈ ಹಾಕಿ ಕಾಳು ನೋಡ್ತಾನ. ನೀ ಚೀಲದ ಮ್ಯಾಲಿನ ಅಕ್ಷರ ಓದಿ ರೊಕ್ಕ ಕೊಟ್ಟು ಬಂದಿ?" ಅವತ್ತಿನಿಂದ ನಮ್ಮ ಮನೆಯಲ್ಲಿ ಚಿಪ್‌ಗೆ ಕಾಳು ಅಂತಲೇ ಹೆಸರು.

ಈಗ ನಿಮ್ಮ ಪ್ರಶ್ನೆಗೆ. 1333, 1600 ಅನ್ನೋ ಚಿಂತೆ ಬಿಟ್ಟುಬಿಡಿ. ಜಿ41 ಅಧಿಕೃತವಾಗಿ ಓಡಿಸುವುದು 1066ರವರೆಗೆ. ನೀವು 1600 ಹಾಕಿದರೂ ಅದು ಬೋರ್ಡಿನ ವೇಗಕ್ಕೆ ಇಳಿದೇ ಓಡುತ್ತದೆ. ಕಂಪನಿಯೂ ದೊಡ್ಡ ವಿಷಯ ಅಲ್ಲ.

8 ಜಿಬಿ ಬೇಕಾ ಅನ್ನೋದೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ ವಿಂಡೋಸ್ 32 ಬಿಟ್‌ನದ್ದಾ, 64 ಬಿಟ್‌ನದ್ದಾ? ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಬರೆದಿರುತ್ತದೆ. ಆ ಕಾಲದಲ್ಲಿ ಜೋಡಿಸಿಕೊಟ್ಟವರು ಹಾಕುತ್ತಿದ್ದದ್ದು ಹೆಚ್ಚಾಗಿ 32. ಅದಾದರೆ ನೀವು 8 ಹಾಕಿದರೂ ಅದಕ್ಕೆ ಸಿಗುವುದು 3 ಜಿಬಿ ಚಿಲ್ಲರೆ, ಉಳಿದದ್ದು ಸುಮ್ನೆ ಕೂತಿರುತ್ತದೆ. 64ಕ್ಕೆ ಹೋಗಬೇಕು ಅಂದರೆ ಮೊದಲಿಂದ ಇನ್‌ಸ್ಟಾಲ್ ಮಾಡಬೇಕು.

ಇನ್ನೊಂದು. ನಿಧಾನಕ್ಕೆ ಕಾರಣ ರ‍್ಯಾಮೇ ಅಂತ ನಿಮಗೆ ಹೇಳಿದ್ದು ಯಾರು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ದಿನಾ ಮಾಡುವ ಕೆಲಸವನ್ನೆಲ್ಲ ತೆರೆದಿಟ್ಟು ಪರ್ಫಾರ್ಮೆನ್ಸ್ ನೋಡಿ. ಮೆಮೊರಿ 60 ಪರ್ಸೆಂಟ್ ಆಸುಪಾಸಿನಲ್ಲಿದ್ದೂ ಕಂಪ್ಯೂಟರ್ ತೆವಳುತ್ತಿದ್ದರೆ ರ‍್ಯಾಮ್ ಹಾಕಿಸಿ ಏನೂ ಆಗಲ್ಲ. 90 ದಾಟುತ್ತಿದ್ದರೆ ಹೌದು, ಬೇಕು.

ನಮ್ಮದು 90 ದಾಟುತ್ತಿತ್ತು. ಅದೇ ಕಾಕಾನ ಹತ್ತಿರ ಬಳಸಿದ 2 ಜಿಬಿಯ ಎರಡು ಸ್ಟಿಕ್ ಸಿಕ್ಕವು, ಎಂಟೆಂಟು ಕಾಳಿನವು. 2 ಗಿಗಾಬಿಟ್‌ನ ಎಂಟು ಚಿಪ್ ಅಂದರೆ 16 ಗಿಗಾಬಿಟ್, ಅಂದರೆ 2 ಜಿಬಿ, ಲೆಕ್ಕ ಸರಿ. ನನ್ನ ಹಳೆಯ 1 ಜಿಬಿಯವನ್ನು ಇಟ್ಟುಕೊಂಡು ಮೇಲೆ ಒಂದಿಷ್ಟು ತಗೊಂಡರು. ಒಟ್ಟು 4 ಜಿಬಿ ಆಯ್ತು. ಸುಧಾರಿಸಿತು, ಆದರೆ ಆನ್ ಮಾಡಿ ಟ್ಯಾಲಿ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಮರುವರ್ಷ ಹಾರ್ಡ್ ಡಿಸ್ಕ್ ಬದಲು 120 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿದೆ ನೋಡಿ, ಕಂಪ್ಯೂಟರ್ ಹೊಸದಾದ ಹಾಗಾಯಿತು. ಈ ಬೋರ್ಡಿನ ಸಾಟಾ (ಡಿಸ್ಕ್ ಜೋಡಿಸುವ ಕೊಂಡಿ) ಹಳೆಯದು, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗಲ್ಲ. ಆದರೂ ಗರಗರ ನಿಂತುಹೋಯಿತು. ಅವ್ವ ಬಂದು "ಚಾಲೂ ಅದ ಇಲ್ಲ?" ಅಂತ ಬಗ್ಗಿ ನೋಡಿದಳು.

ಹಾಗಾಗಿ ನನ್ನ ಮಾತು ಇಷ್ಟೇ: 2 ಜಿಬಿಯ ಎರಡು ಸ್ಟಿಕ್ ಹಾಕಿ 4 ಮಾಡಿ, ಉಳಿದ ದುಡ್ಡಿಗೆ ಎಸ್‌ಎಸ್‌ಡಿ ತಗೊಳ್ಳಿ. 2 ಜಿಬಿಯಲ್ಲೂ ನಾಲ್ಕೇ ಚಿಪ್ ಇರುವವು ಬರುತ್ತವೆ, ಅವು ಬೇಡ. 8 ಬೇಕೇ ಬೇಕು ಅಂತ ಹಟ ಇದ್ದರೆ ಹದಿನಾರು ಕಾಳಿನ 4 ಜಿಬಿ ಹುಡುಕಿ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಫೋಟೋದಲ್ಲಿ ಒಂದೇ ಬದಿ ತೋರಿಸಿದ್ದರೆ ಇನ್ನೊಂದು ಬದಿಯ ಫೋಟೋ ಕೇಳಿ. ಜಿ41ರಲ್ಲಿ ಡಿಡಿಆರ್2 ಬೋರ್ಡುಗಳೂ ಇವೆ. ನಿಮ್ಮದು ಅದಾದರೆ ಅಗ್ಗದ 4 ಜಿಬಿ ಡಿಡಿಆರ್2 ಕಂಡರೆ ಮುಟ್ಟಬೇಡಿ. ಎಎಂಡಿ ಕಂಪನಿಯ ಪ್ರೊಸೆಸರಿನ ಬೋರ್ಡಿಗೆ ಮಾತ್ರ ನಡೆಯುವವು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಬಿಚ್ಚದೇ ನೋಡಬೇಕು ಅಂದರೆ ಸಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಬೋರ್ಡಿನ ಹೆಸರು, ರ‍್ಯಾಮ್ ಯಾವುದು, ಎಲ್ಲ ತೋರಿಸುತ್ತದೆ.

ಹಾಕುವಾಗ ಪ್ಲಗ್ ಕಿತ್ತಿಡಿ. ನಮ್ಮ ಕಡೆ ಬೇಸಿಗೆಯ ಒಣ ಹವೆಗೆ ಸ್ವೆಟರ್ ಇಲ್ಲದೆಯೂ ಮೈಯಲ್ಲಿ ಸ್ಥಿರ ವಿದ್ಯುತ್ ಕೂತು ಕೈ ಚುರ್ ಅನ್ನುತ್ತದೆ, ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ ಆಮೇಲೆ ಸ್ಟಿಕ್ ಹಿಡಿಯಿರಿ. ಎರಡೂ ತುದಿ ಒತ್ತಿದಾಗ ಕ್ಲಿಪ್‌ಗಳು ಟಕ್ ಅಂತ ತಾನಾಗೇ ಕೂರಬೇಕು. ಕೂರದಿದ್ದರೆ ಬಲವಂತ ಮಾಡಬೇಡಿ, ಕಚ್ಚು ನೋಡಿ. ಬಾಯಿಂದ ಧೂಳು ಊದಬೇಡಿ, ಉಗುಳು ಬೀಳುತ್ತದೆ.

ಮತ್ತೆ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ. ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಬ್ರೌಸರ್ ಒಂದೇ ಸಾಕು ಅಂದರೆ ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್ ಮಿಂಟ್ 4 ಜಿಬಿಯಲ್ಲಿ ಚೆನ್ನಾಗಿ ಓಡುತ್ತದೆ.

ನನ್ನ ಆ ಎರಡು ಸ್ಟಿಕ್ ಮೂರು ವರ್ಷ ಅಲಮಾರಿಯಲ್ಲಿದ್ದವು. ಕವರ್ ಮೇಲೆ ಅಪ್ಪ ಬಾಲ್‌ಪೆನ್ನಿನಲ್ಲಿ "8 ಕಾಳು, 5000 ರೂ." ಅಂತ ಬರೆದಿಟ್ಟಿದ್ದರು. 2020ರಲ್ಲಿ ತಂಗಿಯ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಆಫೀಸಿನವರು ಮಾರಿದ ಒಂದು ಹಳೇ ಐ5 ಕಂಪ್ಯೂಟರ್ ತಂದೆವು, ಜಿ41ಗಿಂತ ಹೊಸ ತಲೆಮಾರಿನ ಎಚ್61 ಬೋರ್ಡಿನದು. ಅದಕ್ಕೆ ಹಾಕಿದೆ. ಬೀಪ್ ಇಲ್ಲದೆ 8 ಜಿಬಿ ತೋರಿಸಿತು. ಅಪ್ಪ ಕವರ್ ಮೇಲಿನ ಬರಹಕ್ಕೆ ಗೀಟು ಹಾಕಿದರು, ಖಾತೆ ಚುಕ್ತಾ ಆದಾಗ ಹಾಕ್ತಾರಲ್ಲ, ಹಾಗೆ.

ನಿಮ್ಮ ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ನಂಬರ್, ಈಗಿರುವ ಸ್ಟಿಕ್‌ನ ಎರಡೂ ಬದಿಯ ಕಾಳಿನ ಲೆಕ್ಕ ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳ್ತೀನಿ.