ಹಳೆಯ ಮಿಯಾಟಾ ಕಾರಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಾಯಿಸಬಹುದಾ?

ಬದಲಾಯಿಸಬಹುದು. ನೀವು ಬರೆದಿರುವ ಪ್ರಕಾರ ಕಾರು 1999ರ ಮಾಜ್ಡಾ ಮಿಯಾಟಾ, ಇರುವುದು ಅಮೆರಿಕದಲ್ಲಿ. ಕೈಯಲ್ಲಿ ಒಂದು ಸಾಕೆಟ್ ಸೆಟ್ ಇದೆ, ಅನುಭವ ಸೊನ್ನೆ. ಗ್ಯಾರೇಜಿನವರು ಕೇಳಿದ ಕೂಲಿ ನೋಡಿ ಎದೆ ಧಸಕ್ಕೆಂದಿದೆ. ನನ್ನ ಹತ್ತಿರ ಇರುವುದೂ ಅದೇ ವರ್ಷದ ಕಾರು. ಮೂರು ಸಲ ನಾನೇ ಪ್ಲಗ್ ಹಾಕಿದ್ದೇನೆ. ಎರಡು ಸಲ ಸರಿಯಾಗಿ.

ಸ್ಪೋರ್ಟ್ಸ್ ಕಾರು ಅಂತ ಹೆದರಬೇಡಿ. ಸುಬಾರು ಬಿಆರ್‌ಝಡ್ ಇದ್ದಿದ್ದರೆ ನಾನೇ ಗ್ಯಾರೇಜಿಗೆ ಹೋಗಿ ಅನ್ನುತ್ತಿದ್ದೆ. ಅದರ ಸಿಲಿಂಡರ್‌ಗಳು ಅಡ್ಡಡ್ಡ ಮಲಗಿವೆ, ಪ್ಲಗ್‌ಗಳು ಇಂಜಿನ್ನಿನ ಎರಡು ಪಕ್ಕಗಳಲ್ಲಿ, ಕೈ ಹೋಗುವುದೇ ಕಷ್ಟ. ಪೋರ್ಷೆ ಬಾಕ್ಸ್‌ಸ್ಟರ್ ಆದರೆ ಕಾರನ್ನೇ ಎತ್ತಿ ಕೆಳಗೆ ನುಗ್ಗಬೇಕು. ಮಿಯಾಟಾದಲ್ಲಿ ಅಂಥದ್ದೇನೂ ಇಲ್ಲ. ಬಾನೆಟ್ ಎತ್ತಿದರೆ 1.8 ಲೀಟರ್ ಇಂಜಿನ್ ಉದ್ದಕ್ಕೆ ಕೂತಿರುತ್ತದೆ. ಮೇಲಿನ ಎರಡು ಉಬ್ಬುಗಳ ನಡುವೆ ನಾಲ್ಕು ವೈರ್ ಸಾಲಾಗಿ ಕಾಣುತ್ತವೆ. ಅವುಗಳ ಕೆಳಗೇ ಪ್ಲಗ್.

ಪ್ಲಗ್ ಯಾವುದು ಅಂದರೆ, ನಾನು ಹಾಕುವುದು ಎನ್‌ಜಿಕೆ ಕಂಪನಿಯ ಬಿಕೆಆರ್5ಇ-11. ಈ ಹೆಸರಲ್ಲೇ ಎಲ್ಲ ಇದೆ. ಬಿ ಅಂದರೆ 14 ಮಿಲಿಮೀಟರ್ ಥ್ರೆಡ್ (ತಿರುಪಿನ ಸುತ್ತು), ಕೆ ಅಂದರೆ 16 ಮಿಲಿಮೀಟರ್ ಸಾಕೆಟ್ ಬೇಕು, ಆರ್ ಅಂದರೆ ಒಳಗೆ ರೇಡಿಯೋ ಗದ್ದಲ ತಗ್ಗಿಸುವ ರೆಸಿಸ್ಟರ್ ಇದೆ, 5 ಅದರ ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತದೆ ಅನ್ನುವ ಅಂಕಿ), ಇ ಅಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್, 11 ಅಂದರೆ ಗ್ಯಾಪ್, ಅಂದರೆ ತುದಿಯಲ್ಲಿ ಕಿಡಿ ಹಾರುವ ಸಂದು, 1.1 ಮಿಲಿಮೀಟರ್. ನಾಲ್ಕಕ್ಕೆ 20 ಡಾಲರಿನ ಆಸುಪಾಸು. ಇರಿಡಿಯಮ್ ಲೋಹದ ತುದಿ ಇರುವ ದುಬಾರಿ ಪ್ಲಗ್ ಹಾಕಿದರೆ ಕಾರು ಹಾರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಜಾಸ್ತಿ ದಿನ ಬಾಳುತ್ತದೆ, ಅಷ್ಟೇ.

ಜೊತೆಗೆ ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್, ಉದ್ದನೆಯ ಎಕ್ಸ್‌ಟೆನ್ಷನ್, ಎಷ್ಟು ಬಲದಲ್ಲಿ ಬಿಗಿಸುತ್ತಿದ್ದೀರಿ ಅಂತ ತಿಳಿಸುವ ಒಂದು ಟಾರ್ಕ್ ರೆಂಚ್ ಬೇಕು. ಟಾರ್ಕ್ ರೆಂಚ್ ಕೊಳ್ಳಬೇಕಾಗಿಲ್ಲ. ನಿಮ್ಮ ಕಡೆಯ ದೊಡ್ಡ ಬಿಡಿಭಾಗದ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಎರವಲು ಕೊಡುತ್ತಾರೆ, ವಾಪಸ್ ಕೊಟ್ಟಾಗ ದುಡ್ಡು ಪೂರ್ತಿ ವಾಪಸ್.

ಈಗ ನನ್ನ ಮೊದಲ ಸಲದ ಎಡವಟ್ಟು ಕೇಳಿ. ನಿಮಗೆ ಉಪಯೋಗಕ್ಕೆ ಬರುವುದು ಅದೇ. ಆಫೀಸಿಂದ ಬಂದವನು ಇಂಜಿನ್ ಬಿಸಿ ಇರುವಾಗಲೇ ಕೈ ಹಾಕಿದೆ. ಕತ್ತಲಾಗುವ ಮೊದಲು ಮುಗಿಸಬೇಕು ಅಂತ ಗಡಿಬಿಡಿ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ರಿಪೇರಿ ಮಾಡಬಾರದು ಅನ್ನೋ ನಿಯಮ ಬೇರೆ! ವೈರಿನ ತುದಿಯಲ್ಲಿ ಪ್ಲಗ್ಗಿನ ಮೇಲೆ ಕೂರುವ ಕ್ಯಾಪ್ ಹಿಡಿಯುವ ಬದಲು ವೈರನ್ನೇ ಹಿಡಿದು ಎಳೆದೆ. ವೈರ್ ಕೈಗೆ ಬಂತು, ಕ್ಯಾಪ್ ಒಳಗೇ ಉಳಿಯಿತು. ಕಾರು ಬಿಚ್ಚಿಟ್ಟು ಬಸ್ಸಿನಲ್ಲಿ ಹೋಗಿ ಹೊಸ ವೈರ್ ಸೆಟ್ ತಂದೆ. ಅಷ್ಟರಲ್ಲಿ ನಾಲ್ಕನ್ನೂ ಒಟ್ಟಿಗೆ ಕಿತ್ತಿದ್ದೆನಾ, ಹಾಕುವಾಗ ಒಂದು ಮತ್ತು ಎರಡು ಅದಲುಬದಲಾದವು. ಸ್ಟಾರ್ಟ್ ಮಾಡಿದರೆ ಇಂಜಿನ್ ಗಡಗಡ ನಡುಗಿತು. ತಮಾಷೆ ಏನೆಂದರೆ, ಒಂದು ಮತ್ತು ನಾಲ್ಕು ಅದಲುಬದಲಾಗಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಈ ಕಾರಿನಲ್ಲಿ ಆ ಎರಡಕ್ಕೂ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಒಂದೇ, ಎರಡೂ ಕಡೆ ಒಟ್ಟಿಗೇ ಕಿಡಿ ಹಾರುತ್ತದೆ. ಒಂದು ಕಿಡಿ ಪೆಟ್ರೋಲ್ ಉರಿಸುತ್ತದೆ, ಇನ್ನೊಂದು ಸುಮ್ನೆ ಹೊಗೆಯಲ್ಲಿ ದಂಡ.

ಅದಕ್ಕೇ ಹೇಳುವುದು, ಬೆಳಿಗ್ಗೆ ಮಾಡಿ. ರಾತ್ರಿಯೆಲ್ಲ ನಿಂತ ಇಂಜಿನ್ ಪೂರ್ತಿ ತಣ್ಣಗಿರುತ್ತದೆ. ಇಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು, ಪ್ಲಗ್ಗಿನ ಥ್ರೆಡ್ ಉಕ್ಕಿನದು. ಬಿಸಿಯಲ್ಲಿ ತಿರುಗಿಸಿದರೆ ಕೆಡುವುದು ಮೆತ್ತಗಿರುವ ಅಲ್ಯೂಮಿನಿಯಮ್. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಬಾನೆಟ್ ಕೆಳಗೆ ಹುಡುಕಬೇಡಿ, ಮಿಯಾಟಾದಲ್ಲಿ ಬ್ಯಾಟರಿ ಡಿಕ್ಕಿಯಲ್ಲಿದೆ.

ಒಂದು ಸಲಕ್ಕೆ ಒಂದೇ ಸಿಲಿಂಡರ್. ಕ್ಯಾಪನ್ನು ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ, ನೇರಕ್ಕೆ ಎತ್ತಿ. ಪ್ಲಗ್ ಬಿಚ್ಚುವ ಮೊದಲು ಅದು ಕೂತಿರುವ ಗುಂಡಿಗೆ ಜೋರಾಗಿ ಗಾಳಿ ಊದಿ. ಕಂಪ್ಯೂಟರ್ ಕೀಬೋರ್ಡ್ ಸ್ವಚ್ಛ ಮಾಡುವ ಡಬ್ಬಿಯ ಗಾಳಿ ಸಾಕು. ಅಲ್ಲಿರುವ ಮಣ್ಣು, ಮರಳು ಪ್ಲಗ್ ತೆಗೆದ ಮೇಲೆ ಸೀದಾ ಸಿಲಿಂಡರಿನೊಳಗೆ ಬೀಳುತ್ತದೆ. ಆಮೇಲೆ ಸಾಕೆಟ್ ತಿರುಗಿಸುವ ಹಿಡಿ, ಅಂದರೆ ರ‍್ಯಾಚೆಟ್ ಹಾಕಿ ಬಿಚ್ಚಿ.

ಇಡೀ ಕೆಲಸದಲ್ಲಿ ನಿಜವಾಗಿ ಭಯಪಡಬೇಕಾದ್ದು ಮುಂದಿನ ಅರ್ಧ ನಿಮಿಷಕ್ಕೆ ಮಾತ್ರ. ಹೊಸ ಪ್ಲಗ್ ಕೂರಿಸುವಾಗ ಥ್ರೆಡ್ ಓರೆಯಾಗಿ ಹಿಡಿದರೆ 20 ಡಾಲರಿನ ಕೆಲಸ ಸಾವಿರಕ್ಕೆ ಹೋಗಬಹುದು. ರ‍್ಯಾಚೆಟ್ಟನ್ನು ದೂರ ಇಡಿ. ಪ್ಲಗ್ಗಿನ ತಲೆಗೆ ಬಿಗಿಯಾಗಿ ಕೂರುವ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ, ಮೆಲ್ಲಗೆ ಇಳಿಸಿ. ಮೇಲಿಂದ ಬೀಳಿಸಿದರೆ ಗ್ಯಾಪ್ ಮುಚ್ಚಿಹೋಗುತ್ತದೆ. ಮೊದಲು ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಟಕ್ ಅಂತ ಥ್ರೆಡ್ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಮುಂದಕ್ಕೆ ತಿರುಗಿಸಿ. ಓರೆಯಾಗಿದ್ದರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಬೆರಳ ಬಲದಲ್ಲೇ ತಳ ಮುಟ್ಟಬೇಕು. ಮಧ್ಯದಲ್ಲಿ ಸಿಕ್ಕಿಕೊಂಡರೆ ಒತ್ತಾಯ ಮಾಡದೆ ತೆಗೆದು ಮತ್ತೆ ಶುರುಮಾಡಿ.

ತಳ ಮುಟ್ಟಿದ ಮೇಲೆ ಟಾರ್ಕ್ ರೆಂಚ್. ನಾನು ಬಿಗಿಸುವುದು 20 ನ್ಯೂಟನ್ ಮೀಟರಿಗೆ, ನಿಮ್ಮಲ್ಲಿನ ಲೆಕ್ಕದಲ್ಲಿ ಸುಮಾರು 15 ಫುಟ್ ಪೌಂಡ್. ರೆಂಚ್ ಸಿಗದಿದ್ದರೆ ಹೊಸ ಪ್ಲಗ್ಗನ್ನು ಅಲ್ಲಿಂದ ಅರ್ಧ ಸುತ್ತು, ವಾಷರ್ ಚಪ್ಪಟೆಯಾಗುವಷ್ಟು ಬಿಗಿಸಿ ನಿಲ್ಲಿಸಿ. ಥ್ರೆಡ್ಡಿಗೆ ಗ್ರೀಸಿನಂಥ ಆಂಟಿ ಸೀಜ್ ಬಳಿಯಿರಿ ಅಂತ ಸಲಹೆ ಬರುತ್ತದೆ. ಬೇಡ. ಎನ್‌ಜಿಕೆ ಕಂಪನಿಯೇ ಬೇಡ ಅನ್ನುತ್ತದೆ, ಜಾರಿಕೆಯಲ್ಲಿ ಗೊತ್ತಾಗದೆ ಜಾಸ್ತಿ ಬಿಗಿಯಾಗುತ್ತದೆ. ಕ್ಯಾಪ್ ಒತ್ತಿ, ಕೂತ ಸದ್ದು ಕೇಳಿಸಲಿ, ಮುಂದಿನದಕ್ಕೆ ಹೋಗಿ.

ಹಳೆಯ ಪ್ಲಗ್ ಎಸೆಯಬೇಡಿ. ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ಮೈಸೂರಿನಲ್ಲಿ ನಮ್ಮಪ್ಪನ ಹತ್ತಿರ ಅಲ್ಲೇ ತಯಾರಾದ ಯೆಜ್ಡಿ ಇತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಗಾಡಿ, ಪ್ಲಗ್ ಕಪ್ಪಾಗುವುದು ಮಾಮೂಲು. ರಸ್ತೆ ಪಕ್ಕ ನಿಲ್ಲಿಸಿ ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜುವ ಮೊದಲು ಅದರ ಮೂತಿ ನೋಡಿ ಗಾಡಿಯ ಆರೋಗ್ಯ ಹೇಳುತ್ತಿದ್ದರು. ಅದು ನಿಮ್ಮ ಕಾರಿಗೂ ಸರಿ. ತುದಿ ತಿಳಿ ಕಂದು ಇದ್ದರೆ ಚೆನ್ನಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಅತಿ ಬಿಸಿಯಾಗುತ್ತಿದೆ, ಅದನ್ನು ಯಾರಿಗಾದರೂ ತೋರಿಸಲೇಬೇಕು.

ತುದಿ ಒಣಗಿದ್ದು ಮೇಲಿನ ಬಿಳಿ ಪಿಂಗಾಣಿ ಭಾಗ ಮಾತ್ರ ಎಣ್ಣೆಯಲ್ಲಿ ನೆನೆದಿದ್ದರೆ ಗಾಬರಿಯಾಗಬೇಡಿ. ಈ ವಯಸ್ಸಿನ ಮಿಯಾಟಾಗಳಲ್ಲಿ ಇಂಜಿನ್ನಿನ ಮೇಲಿನ ಮುಚ್ಚಳದ ಕೆಳಗಿರುವ ರಬ್ಬರ್ ಪಟ್ಟಿ, ಅಂದರೆ ವಾಲ್ವ್ ಕವರ್ ಗ್ಯಾಸ್ಕೆಟ್, ಗಟ್ಟಿಯಾಗಿ ಗುಂಡಿಗೆ ಎಣ್ಣೆ ಇಳಿಯುವುದು ಸಾಮಾನ್ಯ. ಬಟ್ಟೆಯಲ್ಲಿ ಎಣ್ಣೆ ಹೀರಿಸಿಯೇ ಪ್ಲಗ್ ಬಿಚ್ಚಿ. ಗ್ಯಾಸ್ಕೆಟ್ಟನ್ನೂ ಮನೆಯಲ್ಲೇ ಬದಲಾಯಿಸಬಹುದು, ಆದರೆ ಅದಕ್ಕೆ ಬೇರೆ ಒಂದು ಶನಿವಾರ ಇಟ್ಟುಕೊಳ್ಳಿ.